ಐದನೆಯ ಆಯಾಮದಲ್ಲಿ ಮೂರೇ

ಹೋಬರ್ಟ್‌ನಲ್ಲಿ ಟೋಪಿ ಹೊಲಿಯುತ್ತಿದ್ದ ಥೆಲ್ಮಾ ಪ್ರೆವಿಟ್‌ಗೆ ಗಣಿತದ ಹುಚ್ಚು ಹಿಡಿದದ್ದು ಐವತ್ತು ದಾಟಿದ ಮೇಲೆ. ಶನಿವಾರ ಮಧ್ಯಾಹ್ನ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಾವು ಏಳೆಂಟು ಜನ ಸೇರುತ್ತಿದ್ದೆವು. ನಿವೃತ್ತ ಮೇಷ್ಟ್ರು ಆಸ್ಮಂಡ್ ಲಿಡ್ಜಿ ಪಾಠ ಹೇಳುತ್ತಿದ್ದರು.

ಆ ಚಳಿಗಾಲದ ಪಾಠ, ಎಲ್ಲ ಮುಖಗಳೂ ಎಲ್ಲ ಮೂಲೆಗಳೂ ಒಂದೇ ತೆರನಾಗಿರುವ, ಎಲ್ಲೂ ಒಳಕ್ಕೆ ತಗ್ಗದ ಆಕಾರಗಳದ್ದು. ನಾವಿರುವ ಮೂರು ಆಯಾಮಗಳಲ್ಲಿ ಅಂಥವು ಐದು. ಲೂಡೋ ಆಟದ ಆರು ಮುಖದ ದಾಳ ಅದರಲ್ಲೊಂದು. ಕಣ್ಣಿಗೆ ಕಾಣದ, ಲೆಕ್ಕಕ್ಕೆ ಮಾತ್ರ ಸಿಗುವ ನಾಲ್ಕನೆಯ ಆಯಾಮದಲ್ಲಿ ಆರು. ಐದನೆಯದರಲ್ಲಿ ಏಳೋ ಎಂಟೋ ಇರಬೇಕು ಅಂದುಕೊಂಡೆವು. ಲಿಡ್ಜಿ ಮೂರೇ ಅಂದರು. ಯಾಕೆಂದು ಕೇಳಿದರೆ, ನೀವೇ ಹುಡುಕಿ ಅಂದರು.

ಮೂರು ವಾರ ಕಳೆದು ಥೆಲ್ಮಾ ನಾಲ್ಕನೆಯ ಆಕಾರ ಸಿಕ್ಕಿತು ಅಂತ ಬಂದಳು. ಚೌಕಗಳಿಂದ ದಾಳ ಕಟ್ಟುವ ಹಾಗೆ, ಐದನೆಯ ಆಯಾಮದ ಆಕಾರವನ್ನು ನಾಲ್ಕನೆಯದರ ಆ ಆರರಿಂದಲೇ ಕಟ್ಟಬೇಕು. ಆರರಲ್ಲಿ ಇಪ್ಪತ್ನಾಲ್ಕು ತುಂಡುಗಳ ಒಂದು ಆಕಾರವಿದೆ. ಅದರ ಪಕ್ಕಪಕ್ಕದ ತುಂಡುಗಳ ನಡುವಿನ ಕೋನ ನೂರಿಪ್ಪತ್ತು ಡಿಗ್ರಿ. ಅಂಥ ಮೂರನ್ನು ಒಂದೆಡೆ ಕೂಡಿಸಿದರೆ ಮುನ್ನೂರರವತ್ತರ ಸುತ್ತು ಪೂರ್ತಿ ತುಂಬುತ್ತದೆ, ಕೂದಲೆಳೆಯಷ್ಟೂ ಸಂದಿಯಿಲ್ಲ. ಇಷ್ಟು ಚೆಂದವಾಗಿ ಕೂಡುವ ತುಂಡುಗಳಿಂದ ಆಕಾರವಾಗದೇ ಇರುತ್ತದೆಯೇ ಎಂಬುದು ಅವಳ ವಾದ. ಲಿಡ್ಜಿ ತಪ್ಪು ಸರಿ ಏನೂ ಹೇಳದೆ, ಮುಂದಿನ ಶನಿವಾರ ನೀವೇ ಪಾಠ ಮಾಡಿ ಅಂದುಬಿಟ್ಟರು. ಅವಳ ತಂಗಿ ಏವಿಸ್ ಹೆಮ್ಮೆಯಿಂದ ಚರ್ಚಿನ ಗೆಳತಿಯರನ್ನೆಲ್ಲ ಕರೆದಳು.

ಗುರುವಾರ ಅಂಗಡಿಯಲ್ಲಿ ಥೆಲ್ಮಾ ಮೂರು ತುಂಡಿನ ಟೋಪಿಯೊಂದಕ್ಕೆ ಉಣ್ಣೆಬಟ್ಟೆ ಕತ್ತರಿಸುತ್ತಿದ್ದಳು. ತಲೆಯಲ್ಲಿ ಪಾಠವೇ ತುಂಬಿದ್ದರಿಂದ ಮೂರೂ ತುಂಡುಗಳ ತುದಿಯನ್ನು ಅಗಲವಾಗಿ, ನೂರಿಪ್ಪತ್ತಕ್ಕೇ ಕತ್ತರಿಸಿಬಿಟ್ಟಳು. ಹೊಲಿದು ನೋಡಿದರೆ ಟೋಪಿ ಏಳಲಿಲ್ಲ, ಚಪಾತಿಯ ಹಾಗೆ ಮೇಜಿನ ಮೇಲೆ ಮಲಗಿತು. ಅವಳು ಅಂಗೈಯಿಂದ ಸವರಿ ನೋಡಿದಳು, ಎಲ್ಲೂ ಒಂದು ಉಬ್ಬಿಲ್ಲ.

ಚಹಾ ತಂದ ಏವಿಸ್ ಏನಾಯ್ತೆಂದು ಕೇಳಿದಳು.

"ನಾನು ಹೇಳಿದ್ದು ತಪ್ಪು ಕಣೇ."

"ಅಯ್ಯೋ, ಎಲ್ಲಾರ್ನೂ ಕರ್ದಾಗಿದೆಯಲ್ಲಕ್ಕಾ. ಹುಷಾರಿಲ್ಲ ಅಂದುಬಿಡ್ಲಾ?"

"ಬೇಡ. ಬರ್ಲಿ ಬಿಡು."

ಶನಿವಾರ ಕೋಣೆ ತುಂಬಿತ್ತು. ಥೆಲ್ಮಾ ಆ ಕೆಟ್ಟ ಟೋಪಿಯನ್ನೇ ಎತ್ತಿ ತೋರಿಸಿದಳು. ಬಟ್ಟೆ ಮೇಲೇಳಬೇಕಾದರೆ ಸುತ್ತಿನಲ್ಲಿ ಒಂಚೂರು ಕೊರತೆ ಇರಬೇಕು. ಕೊರತೆ ಇದ್ದರೆ ತಾನೇ ಅಂಚುಗಳನ್ನು ಎಳೆದು ಸೇರಿಸುವುದು. ಆರರಲ್ಲಿ ಎರಡರ ಕೋನ ಸರಿಯಾಗಿ ನೂರಿಪ್ಪತ್ತು, ಮಲಗಿಬಿಡುತ್ತವೆ. ಇನ್ನೆರಡರದ್ದು ಅದಕ್ಕೂ ಅಗಲ, ಕನಿಷ್ಠ ಬೇಕಾದ ಮೂರು ಹಿಡಿಸುವುದೇ ಇಲ್ಲ. ಉಳಿದದ್ದು ಎರಡು. ತೊಂಬತ್ತರದು ಮೂರು ಮಾತ್ರ ಕೂಡುತ್ತದೆ, ನಾಲ್ಕಾದರೆ ಅದೂ ಮಲಗುತ್ತದೆ. ಎಪ್ಪತ್ತೈದರ ಆಸುಪಾಸಿನದು ಮೂರಾದರೂ ಕೂಡುತ್ತದೆ, ನಾಲ್ಕಾದರೂ ಕೂಡುತ್ತದೆ. ಒಟ್ಟು ಮೂರು ಆಕಾರ.

ಆರನೆಯ ಆಯಾಮದಲ್ಲಿ ಏನಾಗುತ್ತದೆ ಅಂತ ಲಿಡ್ಜಿ ಕೇಳಿದರು.

"ಈ ಮೂರರಲ್ಲೇ ಕಟ್ಬೇಕಲ್ಲ ಮೇಷ್ಟ್ರೇ. ಒಂದ್ರ ಕೋನ ಆಗ್ಲೇ ನೂರಿಪ್ಪತ್ತು ದಾಟಿದೆ, ಅದು ಕೆಲ್ಸಕ್ಕೆ ಬರಲ್ಲ. ಮಿಕ್ಕ ಎರಡ್ರಲ್ಲಿ ಮತ್ತೆ ಮೂರೇ. ಎಷ್ಟು ಮೇಲೆ ಹೋದ್ರೂ ಇದೇ ಕತೆ."

ಚರ್ಚಿನ ನೊರೀನ್ ಗ್ಯಾಡ್ ಕೊಡೆ ಮಡಚುತ್ತ, "ಅಂದ್ರೆ ಇಷ್ಟೊತ್ತು ಇಲ್ಲದ್ದನ್ನ ನೋಡೋಕೆ ಬಂದಿದ್ವಾ ನಾವು?" ಅಂದಳು.

"ಯಾಕಿಲ್ಲ ಅಂತ ನೋಡೋಕೆ," ಅಂದಳು ಥೆಲ್ಮಾ. ಲಿಡ್ಜಿ ಜೋರಾಗಿ ನಕ್ಕುಬಿಟ್ಟರು. ಅವರು ಹಾಗೆ ನಕ್ಕಿದ್ದನ್ನು ನಾವು ಕಂಡಿರಲಿಲ್ಲ.

ಆ ನಾಲ್ಕನೆಯ ಆಕಾರದ ಮೇಲೆ ಆಸೆ ಇಟ್ಟುಕೊಂಡಿದ್ದೆ, ಒಂದು ವಾರ ಮನಸ್ಸು ಮಂಕಾಗಿತ್ತು ಅಂತ ಥೆಲ್ಮಾ ಆಮೇಲೆ ನನ್ನ ಹತ್ತಿರ ಹೇಳಿಕೊಂಡಳು. ನೊರೀನ್ ಮುಂದಿನ ಶನಿವಾರದಿಂದ ಪಾಠಕ್ಕೆ ಬರತೊಡಗಿದಳು, ಪ್ರತಿ ಸಲವೂ ತಡವಾಗಿ.