ನಿಧಾನದಕ್ಕ

ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿದುಕೊಳ್ಳದೆ ನಡೆಯಬಲ್ಲವರಲ್ಲಿ ನಾನು ಕಂಡದ್ದು ಆಕೆಯೊಬ್ಬಳನ್ನೇ. ತಿರುವು ಬಂದಾಗ ನಾವೆಲ್ಲ ಒಬ್ಬರ ಮೇಲೊಬ್ಬರು ವಾಲಿ, ಕಂಬಿಗೆ ಜೋತುಬಿದ್ದು, ಪಕ್ಕದವರ ಕಾಲು ತುಳಿದು ಹಲ್ಲುಗಿಂಜುತ್ತಿದ್ದರೆ, ಈ ಕಂಡಕ್ಟರಮ್ಮ ಸೊಂಟವನ್ನು ಸೀಟಿನ ಅಂಚಿಗೆ ಕೊಂಚ ತಾಗಿಸಿ, ಸ್ವಂತ ನಡುಮನೆಯಲ್ಲಿ ಓಡಾಡುವಷ್ಟೇ ನಿಶ್ಚಿಂತೆಯಿಂದ ಹಿಂಬಾಗಿಲಿನಿಂದ ಮುಂಬಾಗಿಲಿನವರೆಗೆ ನಡೆದು ಬರುತ್ತಿದ್ದಳು. ತಾನು ಬಿದ್ದೇನೆಂಬ ಭಯ ಆಕೆಗೆ ಲವಲೇಶವೂ ಇರಲಿಲ್ಲ. ಇದ್ದ ಭಯವೆಲ್ಲ ಬೇರೆಯವರು ಬಿದ್ದಾರೆಂಬುದು.

ರೈಲು ನಿಲ್ದಾಣದಿಂದ ಹೊರಟು ಮಾರುಕಟ್ಟೆ, ಕೋರ್ಟು ದಾಟಿ ದೊಡ್ಡಾಸ್ಪತ್ರೆ ಮುಟ್ಟುವ ಏಳನೇ ನಂಬರಿನ ಬಸ್ಸು ಅದು. ಹತ್ತುವವರಲ್ಲಿ ಅರ್ಧಕ್ಕರ್ಧ ಜನ ಮಂಡಿನೋವಿನವರು, ಪಟ್ಟಿ ಕಟ್ಟಿಸಿಕೊಂಡವರು, ಎಕ್ಸ್‌ರೇ ಲಕೋಟೆಯನ್ನು ಎದೆಗವಚಿಕೊಂಡವರು. ವಯಸ್ಸಾದವರು ಒಬ್ಬರಾದರೂ ನಿಂತಿದ್ದರೆ ಆಕೆ ಬೆಲ್ಲಿನ ಹಗ್ಗ ಮುಟ್ಟುತ್ತಿರಲಿಲ್ಲ. "ಕೂತ್ರಾ? ಸರಿಯಾಗಿ ಕೂತ್ರಾ?" ಎಂದು ಎರಡು ಸಲ ಕೇಳಿ, ಕಣ್ಣಾರೆ ಕಂಡು, ಆಮೇಲೆ ಎರಡು ಬೆಲ್. ಗಂಡಸರ ಅಳತೆಗೆ ಹೊಲಿದ ಆಕೆಯ ಖಾಕಿ ಕೋಟು ಮಂಡಿ ಮುಟ್ಟುತ್ತಿತ್ತು. ಕತ್ತರಿಸಿ ಸರಿಮಾಡಿಸಿಕೊಳ್ಳಬಾರದೇ ಎಂದರೆ ಜೇಬು ಚಿಕ್ಕದಾಗುತ್ತದಲ್ಲ ಎನ್ನುತ್ತಿದ್ದಳು. ಆ ಜೇಬಿನೊಳಗೆ ಸೇಫ್ಟಿ ಪಿನ್ನು, ಪೆಪ್ಪರಮಿಂಟು, ವಾಂತಿ ಬರುವವರಿಗೆಂದು ಮಡಿಸಿಟ್ಟ ಪ್ಲಾಸ್ಟಿಕ್ ಚೀಲಗಳು ಸದಾ ಇರುತ್ತಿದ್ದವು.

ನಿಧಾನದಕ್ಕ ಎಂದು ಹೆಸರಿಟ್ಟವನು ಅದೇ ಬಸ್ಸಿನ ಡ್ರೈವರು. ಇದು ಬಸ್ಸೋ ಆಸ್ಪತ್ರೆ ವಾರ್ಡೋ ಎಂದು ಅವನು ಒಮ್ಮೆ ಕನ್ನಡಿಯಲ್ಲಿ ಆಕೆಯ ಮುಖ ನೋಡಿ ರೇಗಿಸಿದಾಗ, "ಎರಡೂ. ನೀನು ಗೇರ್ ನೋಡ್ಕೋ," ಎಂದು ಎರಡೇ ಮಾತಿನಲ್ಲಿ ಅವನ ಬಾಯಿ ಮುಚ್ಚಿಸಿದ್ದಳು.

ಆದರೆ ಡಿಪೋದ ವೇಳಾಪಟ್ಟಿಗೆ ಮಂಡಿನೋವು ಅರ್ಥವಾಗುವುದಿಲ್ಲ. ಪ್ರತಿ ಟ್ರಿಪ್ಪಿಗೆ ಏಳೆಂಟು ನಿಮಿಷ ತಡವೆಂದು ಮೊದಲ ಮೆಮೊ ಬಂತು, ಬೆನ್ನಿಗೇ ಎರಡನೆಯದೂ ಬಂತು. ಮೂರನೆಯದು ಬಂದರೆ ನಗರದ ಬಸ್ಸು ತಪ್ಪಿಸಿ, ಪರಸ್ಥಳದಲ್ಲಿ ರಾತ್ರಿ ತಂಗಬೇಕಾದ ದೂರದ ರೂಟಿಗೆ ಹಾಕುವುದಾಗಿ ಅದರಲ್ಲಿ ಬರೆದಿತ್ತು. ಗಂಡನಿಲ್ಲದ ಆಕೆಯ ಮನೆಯಲ್ಲಿ ಸೊಂಟ ಮುರಿದು ಹಾಸಿಗೆ ಹಿಡಿದ ಅತ್ತೆಯಿದ್ದರು. ಬೆಳಗಿನ ಪಾಳಿ ಮುಗಿಸಿ ಮೂರು ಗಂಟೆಗೆ ಸೊಸೆ ಬಂದು ಮಗ್ಗುಲು ಬದಲಿಸುವವರೆಗೆ ಆ ಮುದುಕಿ ಬಾಗಿಲನ್ನೇ ನೋಡುತ್ತ ಮಲಗಿರುತ್ತಿದ್ದರು. ನಗರದ ಬಸ್ಸು ತಪ್ಪಿದರೆ ಆ ಸಂಸಾರ ಬೀದಿಗೆ ಬೀಳದಿದ್ದರೂ ಎರಡು ಹೋಳಾಗುವುದು ಖಂಡಿತವಿತ್ತು.

ಹೀಗಾಗಿ ಆಕೆ ಅವಸರ ಕಲಿಯಲು ಹೊರಟಳು. ಕಲಿಯಲು ಹೊರಟ ನಾಲ್ಕನೆಯ ದಿನವೇ ಎಡವಟ್ಟಾಯಿತು. ಕೋರ್ಟಿನ ಸ್ಟಾಪಿನಲ್ಲಿ ನಿಂತ ಮೇಲ್ವಿಚಾರಕ ಗಡಿಯಾರ ತೋರಿಸಿ ಕಣ್ಣು ಕೆಕ್ಕರಿಸಿದ. ಆಕೆಯ ಕೈ ತಾನಾಗಿ ಹಗ್ಗ ಎಳೆಯಿತು. ಆಸ್ಪತ್ರೆಯ ಗೇಟಿನೆದುರು ಅಂಗಡಿಯಿಟ್ಟಿದ್ದ, ವಾಚು ರಿಪೇರಿಯ ವೃದ್ಧರು ಆಗಷ್ಟೇ ಹತ್ತಿ, ಕೊಡೆಯನ್ನು ಎಲ್ಲಿ ಸಿಕ್ಕಿಸಲೆಂದು ನೋಡುತ್ತಿದ್ದರು. ಬಸ್ಸು ಜಗ್ಗಿದ ರಭಸಕ್ಕೆ ಬಿದ್ದರು. ಮುರಿದದ್ದು ಬಲಗೈಯ ಮಣಿಕಟ್ಟು; ವಾಚಿನ ಕೂದಲೆಳೆಯಷ್ಟು ಸಣ್ಣ ಮುಳ್ಳುಗಳನ್ನು ಕೂರಿಸುತ್ತಿದ್ದ ಕೈ.

ಆ ದಿನ ಬಸ್ಸಿನಲ್ಲೇ ಇದ್ದ ನಾನೂ ವಿಚಾರಣೆಗೆ ಸಾಕ್ಷಿಯಾಗಿ ವೃದ್ಧರ ಜೊತೆ ಹೋದೆ. ಆಕೆಯನ್ನು ಉಳಿಸಲು ದಾರಿಯಲ್ಲೇ ಇಬ್ಬರೂ ಒಂದು ಮಾತಿಗೆ ಬಂದಿದ್ದೆವು. ಬಸ್ಸು ನಿಂತೇ ಇತ್ತು, ಕೊಡೆ ಕಾಲಿಗೆ ತೊಡರಿ ತಾವೇ ಬಿದ್ದದ್ದು, ಎಂದು ವೃದ್ಧರು ಡಿಪೋದ ಅಧಿಕಾರಿಯೆದುರು ಪ್ಲಾಸ್ಟರಿನ ಕೈ ಮುಂದೆ ಚಾಚಿ ನಿರ್ವಿಕಾರವಾಗಿ ಹೇಳಿದರು, ನಾನು ತಲೆಯಾಡಿಸಿದೆ. ಅಧಿಕಾರಿಗೂ ಗಂಟಲಿನ ಮುಳ್ಳು ತೆಗೆದಂತಾಯಿತೇನೋ, ಕಡತ ಮುಚ್ಚಲು ಪೆನ್ನಿನ ಮುಚ್ಚಳ ತೆರೆದ. ಅಷ್ಟರಲ್ಲಿ ಗೋಡೆಗೊರಗಿ ನಿಂತಿದ್ದ ನಿಧಾನದಕ್ಕ ಬಾಯಿ ತೆರೆದಳು.

"ಇಲ್ಲ ಸಾರ್. ಅವರಿನ್ನೂ ಕೂತಿರ್ಲಿಲ್ಲ. ಅದು ನನಗೆ ಕಾಣ್ತಿತ್ತು. ಕಂಡೂ ಬೆಲ್ ಹೊಡೆದೆ."

ಮೂರನೆಯ ಮೆಮೊ ಅಲ್ಲೇ ಸಿದ್ಧವಾಯಿತು. ಹೊರಗಿನ ಬೆಂಚಿನ ಮೇಲೆ ವೃದ್ಧರು ಕೆಂಡಾಮಂಡಲವಾಗಿದ್ದರು. ಬಿದ್ದವನು ತಾನು, ಕೈ ಮುರಿದದ್ದು ತನ್ನದು, ತಾನೇ ಬೇಡವೆಂದ ಮೇಲೆ ಇವಳದೇನು ಅಧಿಕಪ್ರಸಂಗ ಎಂದು ಬೈದರು. ಈ ವಯಸ್ಸಿನಲ್ಲಿ ಹೇಳಿದ ಸುಳ್ಳೂ ದಂಡವಾಯಿತಲ್ಲ ಎಂದು ಗೊಣಗಿದರು. ಆಕೆ ಎಲ್ಲವನ್ನೂ ಕೇಳಿಸಿಕೊಂಡು, ಅವರ ಪಕ್ಕದಲ್ಲಿ ಕುಳಿತಳು.

"ನೀವು ಉಳಿಸಿಬಿಟ್ರೆ ನಾಳೆ ಗಡಿಬಿಡೀಲಿ ಮತ್ತೆ ಬೆಲ್ ಹೊಡೀತೀನಿ ತಾತ. ಒಪ್ಕೊಂಡ್ರೆ ಇನ್ನು ಕೈ ಏಳಲ್ಲ," ಎಂದಳು. ಆಮೇಲೆ, "ಅತ್ತೆಗೆ ಏನು ಹೇಳೋದು ಅನ್ನೋದೇ ಗೊತ್ತಾಗ್ತಿಲ್ಲ," ಎನ್ನುತ್ತ ಕೋಟಿನ ತೋಳಿನಿಂದ ಮುಖ ಒರೆಸಿಕೊಂಡಳು. ಸತ್ಯವನ್ನು ಹೇಳಿಬಿಡುತ್ತೇನೆ, ನನಗೆ ಆಕೆಯ ಮೇಲೆ ಸಿಟ್ಟು ಬಂತು.

ಮರುವಾರ ಅತ್ತೆಯನ್ನು ಊರಾಚೆಯ ನಾದಿನಿಯ ಮನೆಗೆ ಸಾಗಿಸಿದರು. ಆಕೆ ದೂರದ ರೂಟಿಗೆ ಹೋದಳು. ಏಳನೇ ನಂಬರಿನ ಬಸ್ಸು ಈಗ ಸಮಯಕ್ಕೆ ಸರಿಯಾಗಿ ಓಡುತ್ತದೆ. ನಾವು ಹತ್ತುವುದಕ್ಕೆ ಮೊದಲೇ ಕಂಬಿ ಹುಡುಕಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿದ್ದೇವೆ.

ಇಂಥವರಿಗೆ ಉಪಕಾರ ಮಾಡುವುದು ಬಲು ಕಷ್ಟ. ಪರರ ನೋವಿಗಾಗಿ ಎಷ್ಟು ಹೊತ್ತಾದರೂ ಕಾಯಬಲ್ಲ ಇವರು, ತಮ್ಮ ತಪ್ಪಿಗೆ ಮಾತ್ರ ಕ್ಷಣದ ವಿನಾಯಿತಿಯನ್ನೂ ಸ್ವೀಕರಿಸರು. ಕೈ ಹಿಡಿದೆತ್ತಲು ಹೋದ ನಾವು ನಮ್ಮ ಸಣ್ಣತನವನ್ನು ನೋಡಿಕೊಂಡು ಹಿಂದಿರುಗುತ್ತೇವೆ. ಬದುಕಲು ಬಾರದವರು ಎಂದು ಮನೆಗೆ ಬಂದು ಆಡಿಕೊಳ್ಳುತ್ತೇವೆ. ಆದರೂ ಹೆತ್ತ ತಾಯಿಯನ್ನು ಒಬ್ಬಳನ್ನೇ ಬಸ್ಸು ಹತ್ತಿಸಿ ಕೆಳಗೆ ನಿಂತ ದಿನ, ಬಾಗಿಲಲ್ಲಿರುವವರು ಅಂಥವರೇ ಆಗಿರಲೆಂದು ನಾವು ಇಣುಕಿ ನೋಡುತ್ತೇವೆ.