ಕಿವಿ ಕಾಣಬೇಕು

ಆಫೀಸರು ಕೊಟ್ಟ ಸೂಚನೆ ಮೂರೇ. ನಗಬಾರದು, ಕಿವಿ ಕಾಣಬೇಕು, ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಬಾರದು.

"ವೆಬ್‌ಸೈಟಿಗೆ ಹಾಕೋ ಫೋಟೋಗೆ ನಗು ಬೇಡ್ವಾ ಸಾರ್?" ಎಂದು ಫೋಟೋದವಳು ಕೇಳಿದಳು. ಹದಿನಾಲ್ಕು ವರ್ಷದಿಂದ ಅವಳ ಕಸುಬೇ ಇದು. ವಕೀಲರು, ಡಾಕ್ಟರುಗಳು, ಪಾತ್ರಕ್ಕಾಗಿ ಅಲೆಯುವ ನಟರು, ಎಲ್ಲರಿಗೂ ಅವರವರ ಮುಖವನ್ನು ಒಂದು ಕೈ ಮೇಲಾಗಿಯೇ ತೆಗೆದುಕೊಟ್ಟವಳು.

"ಹೇಳಿದಷ್ಟು ಮಾಡಿ. ಎದುರಿನಿಂದ ಒಂದು, ಎರಡೂ ಪಕ್ಕದಿಂದ ಒಂದೊಂದು. ಹತ್ತು ಹತ್ತು ಜನರದ್ದು ಆದ ಹಾಗೆ ಮೆಮೊರಿ ಕಾರ್ಡ್ ಕಳಿಸಿ." ನಲವತ್ತು ಹೆಸರಿನ ಪಟ್ಟಿಯನ್ನು ಮೇಜಿನ ಮೇಲಿಟ್ಟು ಆತ ಹೋದ.

ಶೂ ಕಾರ್ಖಾನೆಯ ಉಗ್ರಾಣದಲ್ಲಿ ರಟ್ಟಿನ ಪೆಟ್ಟಿಗೆಗಳನ್ನು ಗೋಡೆಗೆ ತಳ್ಳಿ, ಬಿಳಿ ಬಟ್ಟೆ ಇಳಿಬಿಟ್ಟು, ಎರಡು ದೀಪ ನಿಲ್ಲಿಸಿದ್ದಳು. ಇದ್ದದ್ದು ಒಂದೇ ಕರಿ ಕೋಟು. ಎದ್ದವರು ಬಿಚ್ಚಿ ಕೂತವರಿಗೆ ಕೊಡುತ್ತಿದ್ದರು. ಸಡಿಲವಾದವರಿಗೆ ಅವಳು ಬೆನ್ನ ಹಿಂದೆ ಕ್ಲಿಪ್ಪು ಹಾಕಿ ಬಿಗಿ ಮಾಡುತ್ತಿದ್ದಳು.

"ಫೋಟೋದಲ್ಲಿ ಕೈ ಬೀಳಲ್ವಲ್ಲಮ್ಮ?" ಎಂದು ಕೇಳಿದ, ಎಲ್ಲರೂ ರೇಡಿಯೋ ಎಂದು ಕರೆಯುವ ಕೆಲಸಗಾರ. ಅವನ ಬೆರಳುಗಳಿಗೆ ಅಂಟು ಹತ್ತಿ, ಒಣಗಿ, ಚರ್ಮವೇ ಸಿಪ್ಪೆಯಂತೆ ಎದ್ದಿತ್ತು.

"ಬರೀ ಮುಖ. ಬಾಯಿ ಮುಚ್ಚಿ."

"ಅದೊಂದು ಕಷ್ಟ ನೋಡಿ ನನಗೆ."

ಸಾಲಿನಲ್ಲಿ ನಗೆ ಎದ್ದಿತು. ಆ ಸಾಲಿನ ಕೊನೆಯಲ್ಲಿ ಅವಳ ಅಕ್ಕನೂ ಇದ್ದಳು. ಈ ಕೆಲಸಕ್ಕೆ ತಂಗಿಯ ಹೆಸರು ಹೇಳಿದ್ದೂ ಅವಳೇ. ತಿಂಗಳ ಹಿಂದೆ ಅಂಟಿನ ವಿಭಾಗದಲ್ಲಿ ಒಬ್ಬಳು ಘಾಟಿಗೆ ತಲೆಸುತ್ತಿ ಮೆಷಿನ್ನಿನ ಮೇಲೆಯೇ ಕುಸಿದಿದ್ದಳು. ಗಾಳಿ ಹೊರಹಾಕುವ ಫ್ಯಾನು ಬೇಕೆಂದು ನಲವತ್ತು ಜನ ಸಹಿ ಹಾಕಿ ಅರ್ಜಿ ಕೊಟ್ಟಿದ್ದರು. ಈಗ ಅದೇ ನಲವತ್ತು ಜನರನ್ನು ಫೋಟೋಗೆ ಕರೆದಿದ್ದರು.

"ಕೊನೆಗೂ ನಮ್ಮನ್ನ ಮನುಷ್ಯರು ಅಂತ ಎಣಿಸಿದ್ರು ಕಣೇ," ಎಂದಿದ್ದಳು ಅಕ್ಕ. "ಸಹಿ ಹಾಕದೇ ಇದ್ದೋರು ಹೊಟ್ಟೆ ಉರ್ಕೋತಿದಾರೆ."

ಊಟದ ಹೊತ್ತಿಗೆ ಮೂವತ್ತು ಮುಖ ಮುಗಿದಿದ್ದವು. ಒಂದು ದೀಪದ ಬಲ್ಬು ಹೋಗಿತ್ತು. ಇನ್ನೊಂದು ತರಲು ಫೋಟೋದವಳು ಗೇಟಿನ ಬಳಿ ನಿಲ್ಲಿಸಿದ್ದ ಗಾಡಿಗೆ ಹೋದಳು. ಕಾವಲುಗಾರನ ಗೂಡಿನಲ್ಲಿ ಹೊಸ ಪರದೆಯೊಂದು ಬೆಳಗುತ್ತಿತ್ತು. ಅದರ ಮೇಲೆ ಸಾಲು ಸಾಲು ಮುಖ, ಪ್ರತಿಯೊಂದರ ಸುತ್ತ ಕೆಂಪು ಚೌಕ. ಮೂರನೆಯದು ರೇಡಿಯೋ.

"ಹಾಜರಿಗಾ ಇದು?"

"ಹಾಜರಿಗೆ ಹೆಬ್ಬೆಟ್ಟು ಇದೆಯಲ್ಲಮ್ಮ." ಕಾವಲುಗಾರ ಕಂಬದ ಮೇಲಿನ ಕ್ಯಾಮೆರಾ ತೋರಿಸಿದ. "ನಾಳೆ ಬೆಳಿಗ್ಗೆಯಿಂದ ಈ ಮುಖ ಕಂಡ್ರೆ ಗೇಟು ತೆರ್ಕೊಳ್ಳಲ್ಲ. ಜನರನ್ನ ತಡೆದು ಬೈಸ್ಕೊಳ್ಳೋದು ನನಗೂ ತಪ್ತು. ಚೆನ್ನಾಗಿ ತೆಗೆದಿದೀರಿ ಬಿಡಿ, ಒಂದನ್ನೂ ಬೇಡ ಅನ್ನಲಿಲ್ಲ ಮೆಷಿನ್ನು."

ಅವಳು ಕತ್ತೆತ್ತಿ ಕಂಬದ ಕಡೆ ನೋಡಿದಳು. ಬೆಳಗಿನಿಂದ ಒಬ್ಬೊಬ್ಬರ ಗಲ್ಲ ಹಿಡಿದೆತ್ತಿ, ಕೂದಲು ಹಿಂದೆ ಸರಿಸಿ, ಕನ್ನಡಕ ತೆಗೆಸಿ, ಮುಖವನ್ನು ಆ ಕಂಬಕ್ಕೆ ಒಪ್ಪಿಸಿದವಳು ತಾನೇ.

ವಾಪಸು ಬಂದಾಗ ಉಳಿದವರು ಊಟಕ್ಕೆ ಹೋಗಿದ್ದರು, ಅಕ್ಕ ಒಬ್ಬಳೇ ಕೋಟು ತೊಟ್ಟು ಕುರ್ಚಿಯಲ್ಲಿ ಕೂತಿದ್ದಳು. ಫೋಟೋದವಳು ಬಾಗಿಲು ಹಾಕಿ, ಕಂಡದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು.

"ನಿನ್ನದು ತೆಗೆಯಲ್ಲ ಅಕ್ಕ. ಬಲ್ಬು ಹೋಯ್ತು ಅಂತ ಹೇಳ್ತೀನಿ. ನೀನೊಬ್ಬಳಾದ್ರೂ ಉಳ್ಕೋ. ಭಾವ ಮನೇಲಿ ಕೂತು ವರ್ಷ ಆಯ್ತು, ನಿನ್ನ ಕೆಲಸಾನೂ ಹೋದ್ರೆ?"

ಅಕ್ಕ ಕೋಟಿನ ಗುಂಡಿಯೊಂದನ್ನು ಬಿಚ್ಚಿದಳು, ಮತ್ತೆ ಹಾಕಿದಳು. ಅವಳೂ ಲೆಕ್ಕ ಹಾಕುತ್ತಿದ್ದಾಳೆಂದು ತಂಗಿಗೆ ಗೊತ್ತಾಯಿತು.

"ಅರ್ಜಿ ಬರೆದೋಳೇ ನಾನು," ಎಂದಳು ಕೊನೆಗೆ. "ಅವರನ್ನ ಹೊರಗೆ ಹಾಕಿ ನಾನು ಒಳಗೆ ಕೂತ್ರೆ, ನಿನ್ನ ಭಾವನೇ ನನ್ನ ಮುಖ ನೋಡಲ್ಲ." ಕೋಟು ಬಿಚ್ಚಿ ತಂಗಿಯ ಕೈಗೆ ತುರುಕಿದಳು. "ನಾಳೆ ಒಳಗೆ ಬಿಡಲ್ವಂತಾ? ಸರಿ. ಹಾಗಾದ್ರೆ ಇವತ್ತು ಹೊರಗೆ ಹೋಗೋದೇ ಬೇಡ."

ಐದಕ್ಕೆ ಕೆಲಸ ಮುಗಿದ ಸೈರನ್ನು ಕೂಗುವಷ್ಟರಲ್ಲಿ ಅಕ್ಕನ ಮಾತು ಎಲ್ಲರಿಗೂ ಮುಟ್ಟಿತ್ತು. ಅಂಟಿನ ವಿಭಾಗದ ನೆಲದ ಮೇಲೆ ನಲವತ್ತು ಜನ ಕೂತರು. ರೇಡಿಯೋ ಕೂಡ ತುಟಿ ಬಿಚ್ಚಲಿಲ್ಲ. ಚರ್ಮ ಕತ್ತರಿಸುವ ವಿಭಾಗದ ಹೆಂಗಸೊಬ್ಬಳು, ಸಹಿ ಹಾಕದವಳು, ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಳು. ನಿಂತು ನಿಂತು, ಬಂದು ಕೂತಳು. ಅವಳ ಹಿಂದೆ ಮತ್ತೆ ಐದಾರು ಜನ.

ಆಫೀಸರು ಕೂಗಾಡಲಿಲ್ಲ. ಎಲ್ಲರಿಗೂ ಭಯವಾದದ್ದು ಅದಕ್ಕೇ. ಫೋಟೋದವಳನ್ನು ಹತ್ತಿರ ಕರೆದ.

"ಇನ್ನೂ ಹತ್ತು ಜನರದ್ದು ಬಾಕಿ ಇದೆ. ಹೊಸಬರು ಸೇರಿದಾರಲ್ಲ, ಅವರದ್ದೂ ತೆಗೀರಿ."

"ಆಗಲ್ಲ ಸಾರ್."

"ಪರವಾಗಿಲ್ಲ."

ಆತ ತನ್ನದೇ ಫೋನು ತೆಗೆದು ಸಾಲಿನ ಆ ತುದಿಯಿಂದ ಶುರುಮಾಡಿದ. ಒಬ್ಬೊಬ್ಬರ ಮುಂದೆ ನಿಂತು, ಬಗ್ಗಿ, ಸಾವಧಾನವಾಗಿ ತೆಗೆದ. ಯಾರೂ ಮುಖ ಮುಚ್ಚಿಕೊಳ್ಳಲಿಲ್ಲ. ಹೊರಗೆ ಒಂದು ಗಾಡಿ ಬಂದು ನಿಂತ ಸದ್ದಾಯಿತು. ಆಮೇಲೆ ಇನ್ನೊಂದು. ಮೆಟ್ಟಿಲ ಮೇಲೆ ಬೂಟುಗಳು.

"ಸ್ವಲ್ಪ ಸರಿ," ಎಂದು ಫೋಟೋದವಳು ಅಕ್ಕನನ್ನು ಒತ್ತಿಕೊಂಡು ಕೂತಳು.

"ನಿಮ್ಮ ಕೆಲಸ ಮುಗೀತಲ್ಲಮ್ಮ, ಏಳಿ," ಎಂದ ಆಫೀಸರು, ಫೋನನ್ನು ಅವಳ ಮುಖದ ನೇರಕ್ಕೆ ಹಿಡಿದು.

ಅವಳು ಏಳಲಿಲ್ಲ. ಆತ ಕ್ಲಿಕ್ಕಿಸಿದ.