ತೂಕದ ಪುಸ್ತಕ

ನಮ್ಮ ಯಜಮಾನರು ಥಾರಲ್ಡ್ ಅವರಿಗೆ ಒಂದು ಹುಚ್ಚು. ಮನೆಗೆ ಬಂದ ನೆಂಟರನ್ನೆಲ್ಲ ಹಜಾರದ ಕುರ್ಚಿ ತಕ್ಕಡಿಯಲ್ಲಿ ಕೂರಿಸಿ, ಬಂದ ದಿನದ ತೂಕ, ಹೊರಟ ದಿನದ ತೂಕ ಎರಡನ್ನೂ ಪುಸ್ತಕದಲ್ಲಿ ಬರೆಯುತ್ತಿದ್ದರು. ಎಲ್ಲರೂ ದಪ್ಪಗಾಗಿಯೇ ಹೊರಡುತ್ತಿದ್ದರು. ಅಡುಗೆ ನನ್ನದು, ಜಂಬ ಅವರದು!

ಈ ಕ್ರಿಸ್‌ಮಸ್‌ಗೆ, ನಾನು ಎತ್ತಿ ಆಡಿಸಿದ ಅವರ ಮಗಳು ಹೆಸ್ಟರ್ ಲಂಡನ್ನಿನಿಂದ ಬಂದು ಕುದುರೆಗಾಡಿ ಇಳಿದಳು. ಹೋದ ವರ್ಷ ಹಸುಗೂಸನ್ನು ಕಳೆದುಕೊಂಡು ಬಂದಿದ್ದವಳು, ಹೊರಡುವಾಗ ಇನ್ನೂ ಇಳಿದುಹೋಗಿದ್ದಳು. ನನ್ನ ಕೈಯಡುಗೆ ಸೋತದ್ದು ಅದೊಂದೇ ಸಲ.

"ಹೋದ ಸಲಕ್ಕಿಂತ ಹತ್ತೊಂಬತ್ತು ಪೌಂಡು ಜಾಸ್ತಿ!" ಅವಳನ್ನು ತಕ್ಕಡಿಯಲ್ಲಿ ಕೂರಿಸಿ ಯಜಮಾನರು ಕೂಗಿದರು. "ನಿನ್ನ ಅಡುಗೆಯವಳು ನಮ್ಮವಳನ್ನ ಮೀರಿಸಿಬಿಟ್ಟಳಲ್ಲೇ!"

ನನಗೆ ಮೈಯೆಲ್ಲ ಉರಿಯಿತು. "ಅವಳಿಗೆ ನೆಟ್ಟಗೆ ಆಲೂಗಡ್ಡೆ ಬೇಯಿಸೋಕೂ ಬರಲ್ಲ, ಯಜಮಾನರೇ!"

ಹೆಸ್ಟರ್ ನಗುತ್ತ ಶಾಲು ಸರಿಸಿದಳು. "ಅಡುಗೆಯಿಂದ ಅಲ್ಲಪ್ಪ. ಇಲ್ಲಿ ನಾನೊಬ್ಬಳೇ ಕೂತಿಲ್ಲ."

ಯಜಮಾನರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. ಆಮೇಲೆ ಪುಸ್ತಕದಲ್ಲಿ ಮಗಳ ಹೆಸರಿನ ಕೆಳಗೆ ಹೊಸ ಸಾಲು ತೆಗೆದು, ಹೆಸರಿನ ಜಾಗ ಖಾಲಿ ಬಿಟ್ಟು, ಬಂದ ದಿನದ ತಾರೀಖು ಹಾಕಿದರು.

ಹೊರಡುವ ದಿನದ ಜಾಗವನ್ನು ಮಾತ್ರ ಗೆರೆ ಎಳೆದು ಹೊಡೆದುಹಾಕಿಬಿಟ್ಟರು.